ಮನೆ ವಿಳಾಸ, ಮಗುವಿನ ಶಾಲೆ: ನಡುವೆ ಗೆರೆ ಎಳೆಯೋರು ಯಾರು?

2017ರ ಬೇಸಿಗೆ. ನಮ್ಮ ಬೀದಿ ಕೊನೆಯ ಸೈಬರ್ ಸೆಂಟರ್‌ನಲ್ಲಿ ಪಕ್ಕದ ವಠಾರದ ಅಕ್ಕ ಒಬ್ಬರಿಗೆ ಆರ್‌ಟಿಇ ಅರ್ಜಿ ತುಂಬೋಕೆ ನೆರವಾಗ್ತಿದ್ದೆ. ರಾಯಚೂರು ಕಡೆಯವರು. ಗಂಡ ಸೆಂಟ್ರಿಂಗ್ ಕೆಲಸ, ಇವರು ಮೂರು ಮನೆಗಳಲ್ಲಿ ಪಾತ್ರೆ-ಬಟ್ಟೆ. ಮಗಳನ್ನ ಒಂದನೇ ಕ್ಲಾಸಿಗೆ ಸೇರಿಸಬೇಕಿತ್ತು. ಆಧಾರ್‌ನಲ್ಲಿದ್ದ ಊರಿನ ವಿಳಾಸ ಬದಲಿಸೋಕೆ ಮನೆ ಮಾಲೀಕರ ಕೈಕಾಲು ಹಿಡಿದು ಒಂದು ಪತ್ರ ಬರೆಸಿಕೊಂಡಿದ್ದರು. ಅದಕ್ಕೇ ಎರಡು ತಿಂಗಳು ಹಿಡಿದಿತ್ತು.

ಸ್ಕ್ರೀನ್ ಮೇಲೆ ಶಾಲೆಗಳ ಪಟ್ಟಿ ಬಂತು. ಅವರು ಅಂದುಕೊಂಡಿದ್ದ ಶಾಲೆ ಅದರಲ್ಲಿರಲಿಲ್ಲ. "ಅಣ್ಣಾರ, ಸಾಲಿ ಎದುರಿಗೇ ಐತಲ್ರಿ. ರಸ್ತೆ ದಾಟಿದ್ರ ಆತು. ಮತ್ತ್ಯಾಕ ಬರವಲ್ದು?" ಅಂದರು. ಕಾರಣ ಸರಳ. ಆ ರಸ್ತೆಯೇ ವಾರ್ಡಿನ ಗಡಿ. ಈಚೆ ಕಡೆ ಒಂದು ವಾರ್ಡು, ಆಚೆ ಕಡೆ ಇನ್ನೊಂದು. ಪಟ್ಟಿಯಲ್ಲಿದ್ದ ಮೂರೂ ಶಾಲೆಗಳು ಎರಡು ಕಿಲೋಮೀಟರ್ ದೂರ. ಲಾಟರಿಯಲ್ಲಿ ಅವುಗಳಲ್ಲೂ ಸೀಟು ಸಿಗಲಿಲ್ಲ. ಮಗು ಸರ್ಕಾರಿ ಶಾಲೆಗೆ ಸೇರಿತು. ಮರುವರ್ಷ ಬಾಡಿಗೆ ಏರಿಸಿದರು ಅಂತ ಮನೆ ಬಿಟ್ಟರು. ಮನೆ ಬದಲಾಯ್ತು, ವಾರ್ಡ್ ಬದಲಾಯ್ತು, ಶಾಲೆಯೂ ಬದಲಾಯ್ತು.

ಅವತ್ತು ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಾರ್ಡ್ ಅಂದರೆ ಚರಂಡಿ, ಕಸ, ಬೀದಿದೀಪ, ಕಾರ್ಪೊರೇಟರ್ ಫ್ಲೆಕ್ಸು ಅಂತಷ್ಟೇ ಅಂದುಕೊಂಡಿದ್ದವನು ನಾನು. ಮಗು ಯಾವ ಶಾಲೆಗೆ ಅರ್ಜಿ ಹಾಕಬಹುದು ಅನ್ನೋದನ್ನೂ ಅದೇ ಗೆರೆ ತೀರ್ಮಾನಿಸುತ್ತೆ ಅನ್ನೋದು ಗೊತ್ತಿರಲಿಲ್ಲ. ಆಮೇಲೆ ಕಾನೂನು, ನಿಯಮ ಅಂತ ಹುಡುಕಾಡಿ ತಿಳಿದುಕೊಂಡಿದ್ದನ್ನ ಇಲ್ಲಿ ಬರೀತಿದ್ದೇನೆ.

ಕಾನೂನಿನಲ್ಲಿ ಪಾಲಿಕೆಯ ಹೆಸರಿದೆ

ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ, ಜಾರಿಯಾಗಿದ್ದು 2010ರ ಏಪ್ರಿಲ್ 1ರಂದು. ನಾವೆಲ್ಲ ಮಾತಾಡೋದು ಅದರ ಸೆಕ್ಷನ್ 12(1)(ಸಿ) ಬಗ್ಗೆ. ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಶೇ. 25 ಸೀಟುಗಳನ್ನ ನೆರೆಹೊರೆಯ ಬಡ ಮತ್ತು ವಂಚಿತ ಸಮುದಾಯದ ಮಕ್ಕಳಿಗೆ ಕೊಡಬೇಕು ಅನ್ನೋದು ಅದು. ಅದರಲ್ಲಿ 'ನೆರೆಹೊರೆ' ಅನ್ನೋ ಪದ ನೋಡಿ. ದೊಡ್ಡ ನಗರದಲ್ಲಿ ಅದನ್ನ ವಾರ್ಡ್ ಅಂತ ಓದಿಕೊಂಡರು.

ಯಾರೂ ಅಷ್ಟಾಗಿ ಮಾತಾಡದ್ದು ಸೆಕ್ಷನ್ 9. ಅದು 'ಸ್ಥಳೀಯ ಪ್ರಾಧಿಕಾರ'ದ, ಅಂದರೆ ಪಂಚಾಯ್ತಿ, ನಗರಸಭೆ, ಪಾಲಿಕೆಗಳ ಕರ್ತವ್ಯಗಳ ಪಟ್ಟಿ. ನೆರೆಹೊರೆಯಲ್ಲಿ ಶಾಲೆ ಇರುವಂತೆ ನೋಡಿಕೊಳ್ಳಬೇಕು. ತನ್ನ ವ್ಯಾಪ್ತಿಯ 14 ವರ್ಷದೊಳಗಿನ ಎಲ್ಲ ಮಕ್ಕಳ ದಾಖಲೆ ಇಡಬೇಕು. ವಲಸೆ ಕುಟುಂಬದ ಮಕ್ಕಳಿಗೆ ಪ್ರವೇಶ ಸಿಗುವಂತೆ ಮಾಡಬೇಕು. ಸೆಕ್ಷನ್ 32ರ ಪ್ರಕಾರ ಮಗುವಿನ ಹಕ್ಕಿನ ಬಗ್ಗೆ ಲಿಖಿತ ದೂರು ಕೊಡಬೇಕಾದ್ದೂ ಸ್ಥಳೀಯ ಪ್ರಾಧಿಕಾರಕ್ಕೇ.

ಈಗ ಹೇಳಿ, ನಿಮ್ಮ ವಾರ್ಡಿನ ಮಕ್ಕಳ ದಾಖಲೆ ಯಾವತ್ತಾದರೂ ನೋಡಿದ್ದೀರಾ? ಶಾಲೆ ಬಿಟ್ಟ ಮಕ್ಕಳ ವಿಷಯವನ್ನ ಕರ್ನಾಟಕ ಹೈಕೋರ್ಟು 2013ರಲ್ಲಿ ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯ್ತು. ಮನೆಮನೆ ಸಮೀಕ್ಷೆ ಮಾಡಿ ಅಂತ ಅದು ಹೇಳುತ್ತಾ ಬಂತು. ಲೆಕ್ಕವೇ ಇಲ್ಲದ ಕಡೆ ಕೊರತೆಯೂ ಕಾಣಲ್ಲ. ಪ್ಲಾಸ್ಟಿಕ್ ಹೊದಿಸಿದ ಕೂಲಿಕಾರರ ಶೆಡ್ಡು ಆರು ತಿಂಗಳಿಗೊಮ್ಮೆ ಜಾಗ ಬದಲಿಸುತ್ತೆ. ಅಲ್ಲಿನ ಮಗು ಯಾವ ವಾರ್ಡಿನದು?

ಹಳ್ಳಿಗೊಂದು ಸಂವಿಧಾನ, ನಗರಕ್ಕೊಂದು

1993ರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದವು. ಮೊದಲನೆಯದು ಪಂಚಾಯ್ತಿಗಳಿಗೆ, ಎರಡನೆಯದು ನಗರಗಳಿಗೆ. ಪಂಚಾಯ್ತಿಗಳಿಗಾಗಿ ಇರುವ ಹನ್ನೊಂದನೇ ಶೆಡ್ಯೂಲ್‌ನಲ್ಲಿ 29 ವಿಷಯಗಳಿವೆ. ಅದರಲ್ಲಿ 'ಗ್ರಾಮೀಣ ವಸತಿ' ಇದೆ, 'ಪ್ರಾಥಮಿಕ ಮತ್ತು ಪ್ರೌಢಶಾಲೆ ಸೇರಿದಂತೆ ಶಿಕ್ಷಣ' ಅಂತಲೂ ನೇರವಾಗಿ ಇದೆ. ನಗರಗಳಿಗಾಗಿ ಇರುವ ಹನ್ನೆರಡನೇ ಶೆಡ್ಯೂಲ್‌ನಲ್ಲಿ 18 ವಿಷಯಗಳು. ಕೊಳೆಗೇರಿ ಸುಧಾರಣೆ, ನಗರ ಬಡತನ ನಿವಾರಣೆ ಇವೆ. ವಸತಿ ಅಂತ ಪ್ರತ್ಯೇಕವಾಗಿ ಇಲ್ಲ. ಶಾಲೆ ಅನ್ನೋ ಪದವೇ ಇಲ್ಲ, 'ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳ ಉತ್ತೇಜನ' ಅಂತ ಒಂದು ಸಾಲಿದೆ ಅಷ್ಟೇ. ಮಕ್ಕಳ ಶಾಲೆಯನ್ನ ಪಾರ್ಕಿನ ಕಾರಂಜಿ ಜೊತೆ ಒಂದೇ ಬುಟ್ಟಿಗೆ ಹಾಕಿದ ಹಾಗಿದೆ.

ಹಾಗಂತ ಹಳ್ಳಿಯಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಸಲಿಲ್ಲ. ಆದರೂ ಆಶ್ರಯ ಮನೆಯ ಫಲಾನುಭವಿ ಪಟ್ಟಿಯನ್ನ ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಮಾಡೋ ಅವಕಾಶ ಅಲ್ಲಿದೆ. ಜಗಳವಾಗುತ್ತೆ, ಜಾತಿ ರಾಜಕೀಯ ನಡೆಯುತ್ತೆ, ಆದರೆ ಪಟ್ಟಿ ಕಣ್ಣಿಗೆ ಕಾಣುತ್ತೆ. ನಗರದಲ್ಲಿ ಜಗಳ ಆಡೋದಾದರೂ ಯಾರ ಹತ್ರ?

ಬೆಂಗಳೂರಿನಲ್ಲಿ ಯಾರ ಕೈಯಲ್ಲಿ ಏನಿದೆ

ಸರ್ಕಾರಿ ಶಾಲೆ ಮತ್ತು ಮೇಷ್ಟ್ರುಗಳು ರಾಜ್ಯ ಶಿಕ್ಷಣ ಇಲಾಖೆಯ ಕೈಯಲ್ಲಿ, ಅಂದರೆ ಡಿಡಿಪಿಐ, ಬಿಇಒ. ಕೊಳೆಗೇರಿ ಘೋಷಣೆ 1973ರ ಕಾಯ್ದೆಯಡಿ, ಅಲ್ಲಿನ ಮನೆ ಕಟ್ಟೋದು ಸ್ಲಂ ಬೋರ್ಡ್, ಅದೂ ರಾಜ್ಯದ್ದು. ಘೋಷಣೆಯಾಗದ ಕೊಳೆಗೇರಿಗೆ ಹಕ್ಕುಪತ್ರ ದೂರದ ಮಾತು. ಹೊಸ ಬಡಾವಣೆ ಬಿಡಿಎ ಕೈಯಲ್ಲಿ. ಅದನ್ನ ನಡೆಸೋರನ್ನ ನೀವು ನಾನು ಆರಿಸಿದ್ದಲ್ಲ.

ಹಾಗಾದರೆ ಪಾಲಿಕೆಗೆ ಸ್ವಂತ ಶಾಲೆಗಳಿಲ್ವಾ? ಇವೆ. ನರ್ಸರಿಯಿಂದ ಪದವಿ ಕಾಲೇಜಿನವರೆಗೆ ಎಲ್ಲ ಸೇರಿ ನೂರೈವತ್ತರ ಆಸುಪಾಸು. ವಿಚಿತ್ರ ಅಂದರೆ ಅದರಲ್ಲಿ ಪ್ರಾಥಮಿಕ ಶಾಲೆಗಳಿಗಿಂತ ಪ್ರೌಢಶಾಲೆಗಳೇ ಹೆಚ್ಚು. ಪಾಠ ಮಾಡೋರಲ್ಲಿ ಬಹಳಷ್ಟು ಜನ ಹೊರಗುತ್ತಿಗೆ ಶಿಕ್ಷಕರು. ಮುಂಬೈ ಪಾಲಿಕೆ ಸಾವಿರಕ್ಕೂ ಹೆಚ್ಚು ಶಾಲೆಗಳನ್ನ ನಡೆಸುತ್ತೆ. ಎಂಟು ಭಾಷೆಗಳಲ್ಲಿ ಪಾಠ, ಅದರಲ್ಲಿ ಕನ್ನಡವೂ ಒಂದು. ಅಲ್ಲೂ ಮಕ್ಕಳು ಖಾಸಗಿ ಶಾಲೆ ಕಡೆ ಹೋಗ್ತಿದ್ದಾರೆ, ಒಪ್ಪುತ್ತೇನೆ. ಆದರೆ ಶಾಲೆ ನಡೆಸೋದು ಪಾಲಿಕೆಯ ಕೆಲಸ ಅನ್ನೋದು ಅಲ್ಲಿ ಯಾರಿಗೂ ಹೊಸ ವಿಷಯವಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸೋದು ಸಿಎ ಸೈಟ್‌ಗಳ ಕತೆ. ಬಿಡಿಎ ಕಾಯ್ದೆಯ ಸೆಕ್ಷನ್ 16ರ ಪ್ರಕಾರ ಬಡಾವಣೆಯ ಶೇ. 15ರಷ್ಟು ಜಾಗ ಪಾರ್ಕು ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ. 10ಕ್ಕೆ ಕಡಿಮೆಯಿಲ್ಲದಷ್ಟು ನಾಗರಿಕ ಸೌಲಭ್ಯಗಳಿಗೆ. ಈ ಎರಡನೇ ಭಾಗವೇ ಸಿಎ ಸೈಟ್. ಶಾಲೆ, ಆಸ್ಪತ್ರೆ, ಸಮುದಾಯ ಭವನಕ್ಕೆ ಮೀಸಲು. 1989ರ ನಿಯಮಗಳಡಿ ಇವನ್ನ ಸಂಘ-ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡಬಹುದು, ಸಾಮಾನ್ಯವಾಗಿ 30 ವರ್ಷಕ್ಕೆ. ಹೀಗೆ ಕೊಟ್ಟ ಜಾಗದಲ್ಲಿ ಎಷ್ಟೋ ಖಾಸಗಿ ಶಾಲೆಗಳು ಎದ್ದಿವೆ. ರೈತರ ಜಮೀನನ್ನ ಸಾರ್ವಜನಿಕ ಉದ್ದೇಶ ಅಂತ ಸ್ವಾಧೀನ ಮಾಡಿಕೊಂಡು, ಸಾರ್ವಜನಿಕ ಸೌಲಭ್ಯ ಅಂತ ಗೆರೆ ಹಾಕಿ, ಕೊನೆಗೆ ಡೊನೇಷನ್ ಕೇಳೋ ಗೇಟು ಕಟ್ಟೋದು! ಆ ಬಡಾವಣೆಯಲ್ಲಿ ಸರ್ಕಾರಿ ಶಾಲೆಗೆ ಜಾಗ ಕೇಳಿದರೆ ಖಾಲಿ ಇಲ್ಲ ಅನ್ನೋ ಉತ್ತರ ಬರುತ್ತೆ. ಮನೆಗೆಲಸಕ್ಕೆ ಅದೇ ಬಡಾವಣೆಗೆ ಬರೋ ಅಕ್ಕಂದಿರ ಮಕ್ಕಳು ಎರಡು ಬಸ್ ಸ್ಟಾಪ್ ಆಚೆ ಓದ್ತಾರೆ.

ನಿಯಮ ಬದಲಾದಾಗ

ವಾರ್ಡ್ ಗೆರೆ ಮೊದಲೇ ಇತ್ತು. ರಾಜ್ಯ ಸರ್ಕಾರ ಅದರ ಮೇಲೆ ಇನ್ನೊಂದು ಗೆರೆ ಎಳೆಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗಳು ಶೇ. 25 ಸೀಟು ಕೊಡಬೇಕಿಲ್ಲ ಅಂತ ನಿಯಮ ತಿದ್ದಿ, 2019-20ರ ಪ್ರವೇಶದಿಂದ ಜಾರಿ ಮಾಡಿತು. 2019ರ ಮೇನಲ್ಲಿ ಹೈಕೋರ್ಟು ಅದನ್ನ ಎತ್ತಿಹಿಡಿಯಿತು. ಲಕ್ಷಕ್ಕೂ ಹೆಚ್ಚಿದ್ದ ಸೀಟುಗಳು ಕೆಲವೇ ಸಾವಿರಕ್ಕೆ ಇಳಿದವು.

ಸರ್ಕಾರದ ವಾದವನ್ನ ನಾನು ಪೂರ್ತಿ ತಳ್ಳಿಹಾಕಲ್ಲ. ಖಾಸಗಿ ಶಾಲೆಗೆ ಶುಲ್ಕ ಮರುಪಾವತಿ ಮಾಡೋ ದುಡ್ಡನ್ನ ಸರ್ಕಾರಿ ಶಾಲೆಗೇ ಹಾಕಿ ಅನ್ನೋದು ನ್ಯಾಯವಾದ ಮಾತು. ಆ ಸೀಟಿನಿಂದಾಗಿ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರು ಅನ್ನೋದರಲ್ಲೂ ಹುರುಳಿದೆ. ಪ್ರಶ್ನೆ ಇರೋದು ಬೇರೆ ಕಡೆ. ವಾರ್ಡಿನಲ್ಲಿ ಸರ್ಕಾರಿ ಶಾಲೆ 'ಇದೆ' ಅಂದರೆ ಸಾಕೇ? ಅದರಲ್ಲಿ ಎಷ್ಟು ಕೊಠಡಿ, ಎಷ್ಟು ಮೇಷ್ಟ್ರು, ಏಳನೇ ಕ್ಲಾಸಿನ ಮೇಲೆ ಮುಂದೇನು ಅಂತ ಯಾರೂ ಕೇಳಲಿಲ್ಲ. ನಕ್ಷೆಯಲ್ಲಿ ಚುಕ್ಕೆ ಇದ್ದರೆ ಸೀಟು ರದ್ದು. ಉಳಿದ ಸೀಟುಗಳು ಸರ್ಕಾರಿ ಶಾಲೆಯೇ ಇಲ್ಲದ ವಾರ್ಡಿನಲ್ಲಿ, ಅದೂ ಅಲ್ಲಿ ವಿಳಾಸ ಇರೋರಿಗೆ. ಅಲ್ಲಿ ಮನೆ ಹಿಡಿಯೋಕೆ ಅಡ್ವಾನ್ಸ್ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ.

ಮಹಾರಾಷ್ಟ್ರವೂ 2024ರ ಫೆಬ್ರುವರಿಯಲ್ಲಿ ಇದೇ ಜಾಡಿನ ನಿಯಮ ತಂದಿತ್ತು. ಜುಲೈನಲ್ಲಿ ಬಾಂಬೆ ಹೈಕೋರ್ಟು ರದ್ದು ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನೇ ಉಳಿಸಿತು.

ಮನೆ ಬಿಡಿಸಿದರೆ ಶಾಲೆಯೂ ಬಿಡುತ್ತೆ

ಪಾಲಿಕೆಗೆ ವಸತಿಯಲ್ಲಿ ಪಾತ್ರವೇ ಇಲ್ಲ ಅನ್ನೋರು ಈಜೀಪುರ ನೆನಪಿಸಿಕೊಳ್ಳಬೇಕು. ಪಾಲಿಕೆಯದ್ದೇ ಜಾಗ, ಆರ್ಥಿಕವಾಗಿ ಹಿಂದುಳಿದವರಿಗೆ ಅಂತ ಕಟ್ಟಿದ್ದ ಕ್ವಾರ್ಟರ್ಸ್. 2007ರಲ್ಲಿ ಕಟ್ಟಡ ಕುಸಿಯಿತು. ಜನ ಅಲ್ಲೇ ಶೀಟು ಹಾಕಿಕೊಂಡು ಉಳಿದರು. ಖಾಸಗಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು, ಒಂದಷ್ಟು ಜಾಗದಲ್ಲಿ ಮನೆ, ಉಳಿದದ್ದರಲ್ಲಿ ಮಾಲ್ ಅಂತ ಯೋಜನೆ ಹಾಕಿದರು. 2013ರ ಜನವರಿಯಲ್ಲಿ ಜೆಸಿಬಿ ಬಂತು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಎಷ್ಟೋ ಜನ ಕಾಂಪೌಂಡ್ ಪಕ್ಕದ ಫುಟ್‌ಪಾತ್‌ನಲ್ಲೇ ವರ್ಷಗಟ್ಟಲೆ ಬದುಕಿದರು. ಆಮೇಲೆ ಕೆಲವರಿಗೆ ಮನೆ ಸಿಕ್ಕಿದ್ದು ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆಯಲ್ಲಿ.

ತಿಂಗಳು ಗಮನಿಸಿ, ಜನವರಿ. ನಮ್ಮಲ್ಲಿ ಶಾಲೆ ಶುರುವಾಗೋದು ಜೂನ್‌ಗೆ, ಪರೀಕ್ಷೆ ಮಾರ್ಚ್‌ಗೆ. ಎಲ್ಲೇ ಆಗಲಿ, ತೆರವು ಆದೇಶಕ್ಕೆ ಸಹಿ ಹಾಕೋ ಮುಂಚೆ ಅಲ್ಲಿ ಎಷ್ಟು ಮಕ್ಕಳು ಎಸ್‌ಎಸ್‌ಎಲ್‌ಸಿ ಓದ್ತಿದ್ದಾರೆ ಅಂತ ಕೇಳೋ ಒಂದು ಕಾಲಂ ಇದ್ದರೆ ಸಾಕು, ಎಷ್ಟೋ ಜೆಸಿಬಿಗಳು ಏಪ್ರಿಲ್‌ವರೆಗೆ ಕಾಯ್ತಿದ್ದವು.

ಈಗ ಗೆರೆಗಳು ಮತ್ತೆ ಬದಲಾಗುತ್ತಿವೆ

ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್ 10ಕ್ಕೆ. ಐದು ವರ್ಷ ದಾಟಿದರೂ ಹೊಸ ಕೌನ್ಸಿಲ್ ಬರಲಿಲ್ಲ, ಆಡಳಿತಾಧಿಕಾರಿಗಳೇ ನಡೆಸಿದರು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದವು. 198 ಇದ್ದ ವಾರ್ಡುಗಳ ಜಾಗದಲ್ಲಿ ಮುನ್ನೂರಕ್ಕೂ ಹೆಚ್ಚು. ನೆರೆಹೊರೆ ಅಂದರೆ ವಾರ್ಡೇ ಅಂತ ಮುಂದೆಯೂ ಓದಿಕೊಂಡರೆ, ವಾರ್ಡ್ ಚಿಕ್ಕದಾದಷ್ಟೂ ಮಗುವಿನ ನೆರೆಹೊರೆಯೂ ಚಿಕ್ಕದಾಗುತ್ತೆ. ವಾರ್ಡ್ ವಿಂಗಡಣೆ ಬಗ್ಗೆ ಟೀವಿಯಲ್ಲಿ ನಡೆದ ಚರ್ಚೆಯೆಲ್ಲ ಯಾವ ಪಕ್ಷಕ್ಕೆ ಲಾಭ ಅನ್ನೋದರ ಸುತ್ತಲೇ ಇತ್ತು. ಶಾಲೆಯ ಮಾತು ನಾನಂತೂ ಕೇಳಲಿಲ್ಲ.

ಓಟು ಕೇಳೋಕೆ ನಿಮ್ಮ ಮನೆ ಬಾಗಿಲಿಗೆ ಯಾರಾದರೂ ಬಂದರೆ ಎರಡು ವಿಷಯ ಕೇಳಿ ನೋಡಿ. ಸೆಕ್ಷನ್ 9ರ ಪ್ರಕಾರ ಈ ವಾರ್ಡಿನ ಮಕ್ಕಳ ದಾಖಲೆ ಎಲ್ಲಿದೆ? ಈ ವಾರ್ಡಿನ ಸಿಎ ಸೈಟ್‌ಗಳು ಎಷ್ಟು, ಯಾರ ಹೆಸರಿಗಿವೆ, ಗುತ್ತಿಗೆ ಯಾವಾಗ ಮುಗಿಯುತ್ತೆ? ಎರಡನೆಯದನ್ನ ಆರ್‌ಟಿಐ ಅರ್ಜಿ ಹಾಕಿ ಬಿಡಿಎಯಿಂದಲೂ ಪಡೆಯಬಹುದು, ಹತ್ತು ರೂಪಾಯಿ ಶುಲ್ಕ. ಹಳೆಯ ಬಡಾವಣೆಗಳಲ್ಲಿ 30 ವರ್ಷದ ಗುತ್ತಿಗೆಗಳು ಮುಗಿಯುತ್ತಾ ಬಂದಿವೆ. ನವೀಕರಣದ ಕಡತ ಮೇಜಿನ ಮೇಲಿರುವಾಗಲೇ ಕೇಳಬೇಕು, ಸಹಿ ಬಿದ್ದ ಮೇಲೆ ಮತ್ತೆ ದಶಕಗಟ್ಟಲೆ ಕಾಯಬೇಕು.