ಟೇಕ್ವಾಂಡೋ ಬೆಲ್ಟ್: ಬಣ್ಣ ಕೊಡೋದು ಮಾಸ್ಟರ್, ಕಪ್ಪು ಕೊಡೋದು ಕೊರಿಯಾ

ಬಿಳಿ ಡ್ರೆಸ್, ಸೊಂಟಕ್ಕೆ ಬೆಲ್ಟ್, ಕೈಯಲ್ಲಿ ಸರ್ಟಿಫಿಕೇಟ್. ಇಂಥ ಫೋಟೊಗಳು ನಮ್ಮ ವಾಟ್ಸ್‌ಆ್ಯಪ್‌ಗೆ ಬರ್ತಾನೇ ಇರುತ್ತವೆ. ಜೊತೆಗೆ ‘ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ ಬಾಲಕ, ಸುದ್ದಿ ಹಾಕಿ ಸರ್’ ಅಂತ ಒಂದು ಸಾಲು. ವಿಚಾರಿಸಿದರೆ ಹುಡುಗ ಕಲಿಯೋದು ಟೇಕ್ವಾಂಡೋ. ಕರಾಟೆ ಜಪಾನಿನದು, ಟೇಕ್ವಾಂಡೋ ಕೊರಿಯಾದ್ದು, ಇದರಲ್ಲಿ ಕಾಲಿನ ಹೊಡೆತವೇ ಹೆಚ್ಚು. ನಮ್ಮಲ್ಲಿ ಮಾತ್ರ ಎಲ್ಲವೂ ‘ಕರಾಟೆ ಕ್ಲಾಸ್’.

ಹೆಸರು ತಪ್ಪಾದರೆ ದೊಡ್ಡ ನಷ್ಟವೇನಿಲ್ಲ. ಆದರೆ ಪ್ರತಿ ಬೆಲ್ಟ್‌ಗೂ ತಂದೆ ತಾಯಿ ಫೀಸು ಕಟ್ಟುತ್ತಾರೆ. ಯಾವ ಬೆಲ್ಟಿನ ಕಾಗದಕ್ಕೆ ಎಲ್ಲಿವರೆಗೆ ಬೆಲೆ ಅನ್ನೋದು ಗೊತ್ತಿರಬೇಕಲ್ಲವೇ?

ಕಪ್ಪು ಬೆಲ್ಟಿಗಿಂತ ಕೆಳಗಿನ ದರ್ಜೆಗಳಿಗೆ ‘ಗಪ್’ ಎನ್ನುತ್ತಾರೆ. ಲೆಕ್ಕ ಉಲ್ಟಾ. ಹೊಸದಾಗಿ ಸೇರಿದವರು 10ನೇ ಗಪ್, ಕಪ್ಪಿನ ಹೊಸ್ತಿಲಲ್ಲಿ ಇರೋರು 1ನೇ ಗಪ್. ಕೆಲವು ಕ್ಲಾಸ್‌ಗಳಲ್ಲಿ 9ರಿಂದ ಶುರು. ಬಿಳಿ, ಹಳದಿ, ಹಸಿರು, ನೀಲಿ, ಕೆಂಪು ಇವು ಮುಖ್ಯ ಬಣ್ಣ. ನಡುವಿನ ಮೆಟ್ಟಿಲುಗಳಿಗೆ ನಮ್ಮ ದೇಶದ ಕ್ಲಾಸ್‌ಗಳಲ್ಲಿ ‘ಗ್ರೀನ್ ಒನ್’, ‘ಬ್ಲೂ ಒನ್’, ‘ರೆಡ್ ಒನ್’ ಅಂತ ಹೆಸರು, ಬೆಲ್ಟ್ ಮೇಲೆ ಮುಂದಿನ ಬಣ್ಣದ ಪಟ್ಟಿ. ಬಣ್ಣಗಳ ಕ್ರಮ ಎಲ್ಲ ಕಡೆ ಒಂದೇ ಥರ ಇರೋದಿಲ್ಲ. ಊರು ಬದಲಾಯಿಸಿ ಬೇರೆ ಕ್ಲಾಸಿಗೆ ಸೇರಿಸುವಾಗ ಹೊಸ ಮಾಸ್ಟರ್ ‘ಇನ್ನೊಂದು ಸಲ ಟೆಸ್ಟ್ ಕೊಡಲಿ’ ಎಂದರೆ ಜಗಳ ಬೇಡ. ಗಪ್ ಬೆಲ್ಟ್ ಕೊಡೋ ಅಧಿಕಾರ ಆಯಾ ಮಾಸ್ಟರ್ ಮತ್ತು ಅವರ ಸಂಸ್ಥೆಯದ್ದೇ.

ಟೆಸ್ಟ್ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೊಮ್ಮೆ ಇರುತ್ತೆ. ಮೊದಲು ಒದೆತಗಳು: ಮುಂದಕ್ಕೆ ಒದೆಯುವ ಆಪ್ ಚಾಗಿ, ಸುತ್ತಿ ಹೊಡೆಯುವ ದೊಲ್ಯೊ ಚಾಗಿ, ಪಕ್ಕಕ್ಕೆ ಒದೆಯುವ ಯೊಪ್ ಚಾಗಿ. ಆಮೇಲೆ ಪೂಮ್ಸೆ, ಅಂದರೆ ಎದುರಾಳಿ ಇದ್ದಾನೆ ಅಂದುಕೊಂಡು ಒಬ್ಬರೇ ಕ್ರಮವಾಗಿ ಮಾಡುವ ಚಲನೆ. ಬಣ್ಣದ ಬೆಲ್ಟ್‌ನವರಿಗೆ ‘ತೆಗುಕ್’ ಹೆಸರಿನ 8 ಪೂಮ್ಸೆ ಇವೆ, ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಕಲಿಸುತ್ತಾರೆ. ಮೇಲೆ ಹೋದಂತೆ ಗಾರ್ಡ್ ಹಾಕಿಕೊಂಡು ಆಡುವ ಕ್ಯೊರುಗಿ, ಹಲಗೆ ಒಡೆಯುವ ಕ್ಯೊಕ್ಪಾ. ನೋಡೋರಿಗೆ ಹಲಗೆ ಒಡೆಯೋದೇ ಮಜಾ. ಆದರೆ ಮಗು ನಿಜವಾಗಿ ಕಲಿತಿದೆಯಾ ಅನ್ನೋದು ತಿಳಿಯೋದು ಪೂಮ್ಸೆಯಲ್ಲಿ. ನಿಲುವು ಸಡಿಲ ಇದ್ದರೆ, ತಿರುಗುವಾಗ ತೂಕ ತಪ್ಪಿದರೆ ಅಲ್ಲಿ ಮುಚ್ಚಿಡೋಕೆ ಆಗಲ್ಲ. ಟೆಸ್ಟ್ ದಿನ ಹೊರಗೆ ಬೈಕ್ ಮೇಲೆ ಕೂತು ಮೊಬೈಲ್ ನೋಡೋ ಬದಲು ಒಳಗೆ ಹೋಗಿ ಅದನ್ನು ನೋಡಿ.

ಈಗ ಕಪ್ಪು ಬೆಲ್ಟಿಗೆ ಬರೋಣ. ಇಲ್ಲಿಂದ ಮೇಲೆ ‘ಡಾನ್’. ಸಿನಿಮಾದ ಡಾನ್ ಅಲ್ಲ, ದರ್ಜೆ ಅಂತ ಅರ್ಥ. 1ರಿಂದ 9ರವರೆಗೆ, ಇಲ್ಲಿ ಲೆಕ್ಕ ನೇರ. ಇದರ ಸರ್ಟಿಫಿಕೇಟ್ ಕೊಡೋದು ದಕ್ಷಿಣ ಕೊರಿಯಾ ರಾಜಧಾನಿ ಸೋಲ್‌ನಲ್ಲಿ 1972ರಲ್ಲಿ ಶುರುವಾದ ಕುಕ್ಕಿವನ್. ಟೆಸ್ಟ್ ನಮ್ಮ ಕಡೆಯೇ ನಡೆಯುತ್ತೆ, 4ನೇ ಡಾನ್ ಅಥವಾ ಅದಕ್ಕೂ ಮೇಲಿನ ಮಾಸ್ಟರ್ ಶಿಫಾರಸು ಕಳಿಸುತ್ತಾರೆ, ಕಾರ್ಡು ಸರ್ಟಿಫಿಕೇಟು ಅಲ್ಲಿಂದ ಬರುತ್ತೆ. ಸರ್ಟಿಫಿಕೇಟ್ ಮೇಲೆ ಒಂದು ನಂಬರ್ ಇರುತ್ತೆ. ಅದನ್ನು ಕುಕ್ಕಿವನ್ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ದಾಖಲೆ ಇದೆಯೋ ಇಲ್ಲವೋ ಗೊತ್ತಾಗುತ್ತೆ. ಒಲಿಂಪಿಕ್ಸ್ ಟೇಕ್ವಾಂಡೋ ನಡೆಸುವ ವರ್ಲ್ಡ್ ಟೇಕ್ವಾಂಡೋ ಸಂಸ್ಥೆಯ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಡೋಕೂ ಈ ದರ್ಜೆಯ ಪ್ರಮಾಣಪತ್ರ ಬೇಕು. 1966ರಲ್ಲಿ ಚೋಯ್ ಹೊಂಗ್ ಹಿ ಕಟ್ಟಿದ ಐಟಿಎಫ್ ಬೇರೆ ದಾರಿ. ಅವರ ಪಾಠ, ಸರ್ಟಿಫಿಕೇಟ್ ಎರಡೂ ಬೇರೆ. ನಿಮ್ಮ ಕ್ಲಾಸ್ ಯಾವುದು ಅಂತ ಸೇರಿಸುವಾಗಲೇ ಕೇಳಿ.

ಇನ್ನೊಂದು ವಿಷಯ, ಇದರಲ್ಲಿ ನಮ್ಮದೂ ತಪ್ಪಿದೆ. 15 ವರ್ಷ ತುಂಬದ ಮಕ್ಕಳಿಗೆ ಕುಕ್ಕಿವನ್ ಕೊಡೋದು ಡಾನ್ ಅಲ್ಲ, ‘ಪೂಮ್’. ಬೆಲ್ಟ್ ಕೂಡ ಪೂರ್ತಿ ಕಪ್ಪಲ್ಲ, ಅರ್ಧ ಕೆಂಪು ಅರ್ಧ ಕಪ್ಪು. 15 ಆದ ಮೇಲೆ ಅರ್ಜಿ ಹಾಕಿ ಡಾನ್‌ಗೆ ಬದಲಾಯಿಸಿಕೊಳ್ಳಬಹುದು. ಒಂಬತ್ತು ವರ್ಷದ ಮಗುವಿನ ಫೋಟೊಗೆ ‘ಬ್ಲ್ಯಾಕ್ ಬೆಲ್ಟ್’ ಅಂತ ಹೆಡ್ಡಿಂಗ್ ಕೊಟ್ಟಿದ್ದೆವಲ್ಲ, ಅದು ಪೂಮ್ ಅಂತ ಬರೆಯಬೇಕಿತ್ತು. ಮಗುವಿನ ಸಾಧನೆ ಇದರಿಂದ ಚಿಕ್ಕದಾಗಲ್ಲ.

ಮೇಲಿನ ಮೆಟ್ಟಿಲುಗಳಿಗೆ ಕಾಯಲೇಬೇಕು. 1ನೇ ಡಾನ್‌ನಿಂದ 2ನೆಯದಕ್ಕೆ ಕನಿಷ್ಠ 1 ವರ್ಷ, ಅಲ್ಲಿಂದ 3ಕ್ಕೆ 2 ವರ್ಷ, 4ಕ್ಕೆ ಮತ್ತೆ 3 ವರ್ಷ. ಮೊದಲ ಕಪ್ಪು ಬೆಲ್ಟ್ ಎಷ್ಟು ದಿನಕ್ಕೆ ಬರಬೇಕು ಅನ್ನೋದಕ್ಕೆ ಮಾತ್ರ ಒಂದೇ ಉತ್ತರ ಇಲ್ಲ. ಕೊರಿಯಾದಲ್ಲಿ ಮಕ್ಕಳು ಸ್ಕೂಲು ಮುಗಿಸಿ ದಿನಾ ಕ್ಲಾಸಿಗೆ ಹೋಗ್ತಾರೆ, ಒಂದೆರಡು ವರ್ಷಕ್ಕೆ ತಲುಪಿಬಿಡ್ತಾರೆ. ನಮ್ಮಲ್ಲಿ ವಾರಕ್ಕೆ ಎರಡು ದಿನ, ಪರೀಕ್ಷೆ ಬಂದರೆ ಅದೂ ರಜೆ. ಹಾಗಿದ್ದೂ ‘ಒಂದೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್’ ಅಂತ ಬ್ಯಾನರ್ ಕಂಡರೆ ತಿಂಗಳಲ್ಲ, ಗಂಟೆ ಎಣಿಸಿ.

ಬೆಲ್ಟ್ ಅನ್ನೋ ಬಟ್ಟೆ ಸ್ಪೋರ್ಟ್ಸ್ ಅಂಗಡಿಯಲ್ಲಿ ಯಾರು ಕೇಳಿದರೂ ಸಿಗುತ್ತೆ, ಅಂಗಡಿಯವರು ಸರ್ಟಿಫಿಕೇಟ್ ಕೇಳಬೇಕು ಅನ್ನೋ ನಿಯಮ ಇಲ್ಲ. ಆದ್ದರಿಂದ ಸೊಂಟದಲ್ಲಿ ಕಂಡ ಬಣ್ಣ ಪುರಾವೆ ಅಲ್ಲ. ಬೆಲ್ಟ್ ಇದ್ದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸಿಗುತ್ತೆ ಅನ್ನೋ ನಂಬಿಕೆಯೂ ಬೇಡ. ಅಲ್ಲಿ ನೋಡೋದು ಮಾನ್ಯತೆ ಇರುವ ಪಂದ್ಯಾವಳಿಗಳಲ್ಲಿ ಆಡಿದ್ದು, ಪದಕ ಗೆದ್ದದ್ದು.

ಕಪ್ಪು ಬೆಲ್ಟ್ ಟೆಸ್ಟಿಗೆ ಹಣ ಕಟ್ಟುವಾಗ ಕುಕ್ಕಿವನ್ ಫೀಸು ಎಷ್ಟು, ಟೆಸ್ಟ್ ಖರ್ಚು ಎಷ್ಟು ಅಂತ ಬೇರೆ ಬೇರೆ ಬರೆಸಿ ರಸೀದಿ ತಗೊಳ್ಳಿ. ಅರ್ಜಿಯಲ್ಲಿ ಮಗುವಿನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗು, ಇನಿಷಿಯಲ್ಲು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ಅಂತ ಕಳಿಸುವ ಮೊದಲು ನೀವೇ ಒಮ್ಮೆ ಓದಿ ನೋಡಿ.