ಯಾರ ಹಣ, ಯಾರಿಗೆ ಸಾಲ?

1969ರ ಜುಲೈ ಎರಡನೆಯ ವಾರ ಬೆಂಗಳೂರಿನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆಯಿತು. ರಾಜ್ಯದ ಹೆಸರು ಆಗಿನ್ನೂ ಮೈಸೂರು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರು ಆ ಸಭೆಗೆ ಒಂದು ಟಿಪ್ಪಣಿ ಕಳುಹಿಸಿಕೊಟ್ಟಿದ್ದರು. ದೇಶದ ಐದಾರು ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡುವುದು, ಇಲ್ಲವೇ ಬ್ಯಾಂಕುಗಳ ಹಣದ ಹೆಚ್ಚಿನ ಪಾಲನ್ನು ಸಾರ್ವಜನಿಕ ಉದ್ದೇಶಗಳಿಗೆ ಮೀಸಲಿಡಲು ಆದೇಶ ನೀಡುವುದು, ಈ ಎರಡರಲ್ಲಿ ಒಂದನ್ನು ಆಲೋಚಿಸಬಹುದು ಎಂಬುದು ಅದರ ಒಂದು ಅಂಶ. ಹತ್ತು ದಿನ ಕಳೆಯುವುದರೊಳಗೆ ಐದಾರಲ್ಲ, ಹದಿನಾಲ್ಕು ಬ್ಯಾಂಕುಗಳು ಸರ್ಕಾರದ ವಶವಾದವು. ಕೆಲವೇ ತಿಂಗಳಲ್ಲಿ ಕಾಂಗ್ರೆಸ್ ಪಕ್ಷವೇ ಇಬ್ಭಾಗವಾಯಿತು.

ಆ ದಿನಗಳ ರಾಜಕೀಯವನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಅಧಿಕಾರಕ್ಕಾಗಿ ನಡೆದ ಜಗಳದಲ್ಲಿ ಬ್ಯಾಂಕುಗಳು ದಾಳವಾದವು ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಜಗಳದ ಅಡಿಯಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಇತ್ತು. ಬ್ಯಾಂಕಿನಲ್ಲಿರುವ ಹಣ ಯಾರದು? ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಹಕ್ಕು ಯಾರದು? ಬ್ಯಾಂಕು ಮುಳುಗಿದರೆ ನಷ್ಟ ಹೊರುವವರು ಯಾರು? ಅಂದು ಎದ್ದ ಈ ಪ್ರಶ್ನೆಗಳು ಇಂದಿಗೂ ತೀರಿಲ್ಲ.

ಕರಾವಳಿಯ ಪಾಠ

ಈ ಚರ್ಚೆಯಲ್ಲಿ ಕನ್ನಡನಾಡಿಗೆ ವಿಶೇಷವಾದ ಸ್ಥಾನವಿದೆ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಷ್ಟು ಬ್ಯಾಂಕುಗಳಿಗೆ ಜನ್ಮ ಕೊಟ್ಟ ಜಿಲ್ಲೆ ದೇಶದಲ್ಲಿ ಅಪರೂಪ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತನದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ ಹುಟ್ಟಿತು. ಅದರ ಮೊದಲ ದಿನದ ಸಂಗ್ರಹ 38 ರೂಪಾಯಿ, 13 ಆಣೆ, 2 ಪೈ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಸಂಗಡಿಗರ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್ ಬಂದವು.

ಇವು ಬೆಳೆದದ್ದು ದೊಡ್ಡ ಕಾರ್ಖಾನೆಗಳ ನೆರಳಿನಲ್ಲಲ್ಲ. ನೇಕಾರರು, ಸಣ್ಣ ವ್ಯಾಪಾರಿಗಳು, ಮೀನುಗಾರರು, ರೈತರು ಇವುಗಳ ಗಿರಾಕಿಗಳು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಇದಕ್ಕೆ ಒಳ್ಳೆಯ ಉದಾಹರಣೆ. ಬ್ಯಾಂಕಿನ ಏಜೆಂಟ್ ದಿನವೂ ಮನೆ, ಅಂಗಡಿಗಳಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದ. ದುಡಿದದ್ದು ಅಂದಂದಿಗೇ ಕರಗಿಹೋಗುವ ಮನೆಗಳಲ್ಲಿ ಅದು ಉಳಿತಾಯದ ಅಭ್ಯಾಸ ಬೆಳೆಸಿತು. ಬ್ಯಾಂಕಿಗೆ ಇನ್ನೊಂದು ಲಾಭವೂ ಇತ್ತು. ದಿನವೂ ಎರಡಾಣೆ ತಪ್ಪದೆ ಕಟ್ಟುವವನಿಗೆ ಸಾಲ ಕೊಟ್ಟರೆ ತೀರಿಸುತ್ತಾನೋ ಇಲ್ಲವೋ ಎಂಬುದು ಅಡಮಾನದ ಕಾಗದಕ್ಕಿಂತ ಚೆನ್ನಾಗಿ ಆ ಏಜೆಂಟನಿಗೆ ತಿಳಿದಿರುತ್ತಿತ್ತು.

ಆದರೆ ದೇಶದ ಒಟ್ಟು ಚಿತ್ರ ಬೇರೆಯೇ ಆಗಿತ್ತು. 1951ರಲ್ಲಿ ವಾಣಿಜ್ಯ ಬ್ಯಾಂಕುಗಳ ಸಾಲದಲ್ಲಿ ಕೈಗಾರಿಕೆಯ ಪಾಲು ಶೇಕಡ 34ರಷ್ಟಿದ್ದದ್ದು 1967ರ ಹೊತ್ತಿಗೆ ಶೇಕಡ 64ಕ್ಕೆ ಏರಿತು. ದೇಶದ ಬಹುಪಾಲು ಜನ ನೆಚ್ಚಿಕೊಂಡಿದ್ದ ಕೃಷಿಯ ಪಾಲು ಶೇಕಡ 2ರ ಆಸುಪಾಸಿನಲ್ಲೇ ಉಳಿಯಿತು. ಹಳ್ಳಿಯವರಿಗೆ ಸಾಲ ಬೇಕೆಂದರೆ ಸಾಹುಕಾರರ ಮನೆಯ ಜಗಲಿಯೇ ಗತಿ.

ಬ್ಯಾಂಕೂ ಅವರದೇ, ಕಾರ್ಖಾನೆಯೂ ಅವರದೇ

ಆ ಕಾಲದ ದೊಡ್ಡ ಬ್ಯಾಂಕುಗಳ ಹಿಂದೆ ದೊಡ್ಡ ಉದ್ಯಮ ಮನೆತನಗಳಿದ್ದವು. ಯುನೈಟೆಡ್ ಕಮರ್ಷಿಯಲ್ ಬ್ಯಾಂಕನ್ನು ಹುಟ್ಟುಹಾಕಿದವರು ಘನಶ್ಯಾಮದಾಸ್ ಬಿರ್ಲಾ. ಬ್ಯಾಂಕಿನ ನಿರ್ದೇಶಕ ಮಂಡಳಿಯಲ್ಲಿ ಕುಳಿತವರೇ ಸಾಲ ಪಡೆಯುವ ಕಂಪನಿಗಳ ಮಂಡಳಿಯಲ್ಲೂ ಇರುತ್ತಿದ್ದರು. ಕೊಡುವ ಕೈ, ಪಡೆಯುವ ಕೈ ಎರಡೂ ಒಂದೇ ಆದರೆ ಹಣ ಇಟ್ಟವರ ಪರವಾಗಿ ಕೇಳುವವರು ಯಾರು?

1960ರ ದಶಕದಲ್ಲಿ ಸರ್ಕಾರ ನೇಮಿಸಿದ ಒಂದರ ಹಿಂದೊಂದು ಸಮಿತಿಗಳು ಈ ವಿಷಯವನ್ನು ಪರಿಶೀಲಿಸಿದವು. ಏಕಸ್ವಾಮ್ಯ ವಿಚಾರಣಾ ಆಯೋಗ 1965ರಲ್ಲಿ ವರದಿ ನೀಡಿ, ಆರ್ಥಿಕ ಬಲ ಕೆಲವೇ ಮನೆತನಗಳಲ್ಲಿ ಕೇಂದ್ರೀಕೃತವಾಗಿರುವುದನ್ನು ತೋರಿಸಿತು. ಕೈಗಾರಿಕಾ ಲೈಸೆನ್ಸುಗಳನ್ನು ಮುಂದಾಗಿಯೇ ಪಡೆದಿಟ್ಟುಕೊಂಡು ಇತರರಿಗೆ ಅವಕಾಶ ತಪ್ಪಿಸುವ ಕ್ರಮವನ್ನು ಆರ್.ಕೆ. ಹಜಾರಿಯವರ 1967ರ ವರದಿ ಬಯಲಿಗೆಳೆಯಿತು. ಗಮನಿಸಬೇಕಾದ ಸಂಗತಿ ಎಂದರೆ, ಈ ಲೈಸೆನ್ಸ್ ಪದ್ಧತಿ ದೊಡ್ಡವರನ್ನು ಅಂಕೆಯಲ್ಲಿಡಲೆಂದು ಸರ್ಕಾರವೇ ಮಾಡಿದ ನಿಯಮ. ಅದನ್ನು ಚೆನ್ನಾಗಿ ಬಳಸಿಕೊಂಡವರು ಮಾತ್ರ ದೆಹಲಿಯಲ್ಲಿ ಕಚೇರಿ ಇಡಬಲ್ಲ ದೊಡ್ಡವರೇ.

ಇನ್ನೊಂದು ಕಡೆ ಠೇವಣಿದಾರರ ಗೋಳೂ ಇತ್ತು. 1960ರ ಆಗಸ್ಟಿನಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಬಾಗಿಲು ಹಾಕಿತು. ಸಾವಿರಾರು ಕುಟುಂಬಗಳ ಉಳಿತಾಯ ಸಿಕ್ಕಿಕೊಂಡಿತು. ಆ ಆಘಾತದ ಬಳಿಕ, ದುರ್ಬಲ ಬ್ಯಾಂಕುಗಳನ್ನು ಗಟ್ಟಿ ಬ್ಯಾಂಕುಗಳಲ್ಲಿ ಕಡ್ಡಾಯವಾಗಿ ವಿಲೀನಗೊಳಿಸುವ ಅಧಿಕಾರ ಕಾನೂನಿನಲ್ಲಿ ಸೇರಿತು. 1962ರ ಜನವರಿ 1ರಿಂದ ಠೇವಣಿ ವಿಮೆ ಜಾರಿಗೆ ಬಂತು. ಆಗ ವಿಮೆಯ ಮಿತಿ 1,500 ರೂಪಾಯಿ. 1951ರಲ್ಲಿ 566 ಇದ್ದ ವಾಣಿಜ್ಯ ಬ್ಯಾಂಕುಗಳು 1969ರ ಹೊತ್ತಿಗೆ 89ಕ್ಕೆ ಇಳಿದಿದ್ದವು.

ಎರಡು ವಾದಗಳು

ರೋಗ ಇದೆ ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯ ಇರಲಿಲ್ಲ. ಜಗಳ ಇದ್ದದ್ದು ಔಷಧದ ಬಗ್ಗೆ. ಹಣಕಾಸು ಸಚಿವ ಮೊರಾರ್ಜಿ ದೇಸಾಯಿ 1967ರ ಡಿಸೆಂಬರಿನಲ್ಲಿ ‘ಸಾಮಾಜಿಕ ನಿಯಂತ್ರಣ’ದ ನೀತಿ ಪ್ರಕಟಿಸಿದರು. ಒಡೆತನ ಖಾಸಗಿಯವರಲ್ಲೇ ಇರಲಿ, ನಡವಳಿಕೆಯನ್ನು ಕಾನೂನು ತಿದ್ದಲಿ ಎಂಬುದು ಅದರ ತಿರುಳು. 1969ರ ಫೆಬ್ರುವರಿ 1ರಂದು ಜಾರಿಗೆ ಬಂದ ಕಾನೂನಿನಂತೆ ನಿರ್ದೇಶಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೃಷಿ, ಸಣ್ಣ ಕೈಗಾರಿಕೆ, ಸಹಕಾರ, ಅರ್ಥಶಾಸ್ತ್ರ ಮುಂತಾದ ಕ್ಷೇತ್ರಗಳನ್ನು ಬಲ್ಲವರಾಗಿರಬೇಕಿತ್ತು. ಅಧ್ಯಕ್ಷ ಉದ್ಯಮಿಯಾಗಿರದೆ ಬ್ಯಾಂಕಿಂಗ್ ವೃತ್ತಿಯವನಾಗಿರಬೇಕಿತ್ತು. ನಿರ್ದೇಶಕರಿಗೂ ಅವರ ಕಂಪನಿಗಳಿಗೂ ಸಾಲ ಕೊಡುವುದಕ್ಕೆ ಕಡಿವಾಣ ಬಿತ್ತು.

ರಾಷ್ಟ್ರೀಕರಣದ ಪರವಾಗಿದ್ದವರಿಗೆ ಇದು ಸಾಲದಾಯಿತು. ಅವರ ವಾದ ಲೆಕ್ಕದ ಮೇಲೆ ನಿಂತಿತ್ತು. ಹದಿನಾಲ್ಕು ಬ್ಯಾಂಕುಗಳ ಷೇರುದಾರರು ಹಾಕಿದ ಬಂಡವಾಳ 30 ಕೋಟಿ ರೂಪಾಯಿಗಿಂತ ಕಡಿಮೆ; ಅವುಗಳಲ್ಲಿದ್ದ ಜನರ ಠೇವಣಿ 2,600 ಕೋಟಿಗೂ ಹೆಚ್ಚು. ಹೀಗಿರುವಾಗ ಬೆರಳೆಣಿಕೆಯ ಷೇರುದಾರರನ್ನು ಮಾಲೀಕರು ಎನ್ನುವುದು ಹೇಗೆ ಎಂದು ಅವರು ಕೇಳಿದರು. ವಿರೋಧಿಸಿದವರ ಉತ್ತರವೂ ತಳ್ಳಿಹಾಕುವಂಥದ್ದಲ್ಲ. ಹೊಸ ಕಾನೂನಿಗೆ ಆರು ತಿಂಗಳೂ ತುಂಬಿಲ್ಲ, ಅದನ್ನು ಪರೀಕ್ಷಿಸಿ ನೋಡಬೇಡವೇ? ಸಾಲ ಕೊಡುವ ಅಧಿಕಾರ ಉದ್ಯಮಿಯ ಕೈಯಿಂದ ಮಂತ್ರಿಯ ಕೈಗೆ ಹೋದರೆ ಬಡವನಿಗೆ ಆಗುವ ಲಾಭವೇನು?

ತೀರ್ಮಾನ ವಾದದಿಂದ ಆಗಲಿಲ್ಲ. ಜುಲೈ 16ರಂದು ಮೊರಾರ್ಜಿಯವರಿಂದ ಹಣಕಾಸು ಖಾತೆಯನ್ನು ಹಿಂದಕ್ಕೆ ಪಡೆಯಲಾಯಿತು. ಜುಲೈ 19ರ ಶನಿವಾರ, ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ ಸುಗ್ರೀವಾಜ್ಞೆಗೆ ಸಹಿ ಹಾಕಿದರು. ರಾತ್ರಿ ಪ್ರಧಾನಿ ಆಕಾಶವಾಣಿಯಲ್ಲಿ ದೇಶಕ್ಕೆ ವಿಷಯ ತಿಳಿಸಿದರು. 50 ಕೋಟಿ ರೂಪಾಯಿಗೂ ಹೆಚ್ಚು ಠೇವಣಿ ಇದ್ದ ಹದಿನಾಲ್ಕು ಭಾರತೀಯ ಬ್ಯಾಂಕುಗಳು ಸರ್ಕಾರದವಾದವು. ವಿದೇಶಿ ಬ್ಯಾಂಕುಗಳನ್ನು ಮುಟ್ಟಲಿಲ್ಲ. ಪಟ್ಟಿಯಲ್ಲಿ ಕೆನರಾ ಬ್ಯಾಂಕೂ ಸಿಂಡಿಕೇಟ್ ಬ್ಯಾಂಕೂ ಇದ್ದವು. ಹಳ್ಳಿಗಳಿಗೆ ಹೋಗಲಿಲ್ಲ ಎಂಬ ಆರೋಪದ ಮೇಲೆ ನಡೆದ ರಾಷ್ಟ್ರೀಕರಣದಲ್ಲಿ, ಹಳ್ಳಿಗಳಿಗೆ ಹೋಗಿಯೇ ಬೆಳೆದ ಬ್ಯಾಂಕುಗಳೂ ಸೇರಿಹೋದದ್ದು ಇತಿಹಾಸದ ಒಂದು ವಿಚಿತ್ರ.

ಬ್ಯಾಂಕುಗಳ ಷೇರುದಾರರಾಗಿದ್ದ ಆರ್.ಸಿ. ಕೂಪರ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ವಾದಿಸಿದವರು ನಾನಿ ಪಾಲ್ಖೀವಾಲಾ. 1970ರ ಫೆಬ್ರುವರಿ 10ರಂದು ಹನ್ನೊಂದು ನ್ಯಾಯಮೂರ್ತಿಗಳಲ್ಲಿ ಹತ್ತು ಮಂದಿ ಕಾನೂನನ್ನು ಅಸಿಂಧು ಎಂದರು. ಬ್ಯಾಂಕುಗಳನ್ನು ವಹಿಸಿಕೊಳ್ಳುವ ಅಧಿಕಾರ ಸಂಸತ್ತಿಗೆ ಇಲ್ಲವೆಂದು ನ್ಯಾಯಾಲಯ ಹೇಳಲಿಲ್ಲ. ಈ ಹದಿನಾಲ್ಕಕ್ಕೆ ಮಾತ್ರ ಮುಂದೆ ಬ್ಯಾಂಕಿಂಗ್ ವ್ಯವಹಾರ ಮಾಡದಂತೆ ತಡೆ ಹಾಕಿದ್ದು ತಾರತಮ್ಯ. ಪರಿಹಾರ ನಿಗದಿಮಾಡಿದ ರೀತಿಯೂ ಸರಿಯಲ್ಲ ಎಂದಿತು. ನಾಲ್ಕೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಬಂತು. ಒಟ್ಟು ಪರಿಹಾರ 87.40 ಕೋಟಿ ರೂಪಾಯಿ ಎಂದು ಗೊತ್ತಾಯಿತು. 1980ರ ಏಪ್ರಿಲ್‌ನಲ್ಲಿ ಮತ್ತೆ ಆರು ಬ್ಯಾಂಕುಗಳ ಸರದಿ. ಅದರಲ್ಲಿ ವಿಜಯಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಸೇರಿದವು. ಹಳೆಯ ಜಿಲ್ಲೆಯ ಈ ಐದರಲ್ಲಿ ಖಾಸಗಿಯಾಗಿ ಉಳಿದದ್ದು ಕರ್ಣಾಟಕ ಬ್ಯಾಂಕ್ ಒಂದೇ.

ಬಂದ ಫಲ, ತಗುಲಿದ ರೋಗ

ರಾಷ್ಟ್ರೀಕರಣದಿಂದ ಏನೂ ಆಗಲಿಲ್ಲ ಎನ್ನುವುದು ಅನ್ಯಾಯದ ಮಾತು. 1969ರ ಜೂನ್‌ನಲ್ಲಿ ದೇಶದಲ್ಲಿದ್ದ ಬ್ಯಾಂಕ್ ಶಾಖೆಗಳು 8,262. ಅದರಲ್ಲಿ ಹಳ್ಳಿಗಳಲ್ಲಿದ್ದವು 1,833 ಮಾತ್ರ. 1990ರ ದಶಕದ ಆರಂಭಕ್ಕೆ ಒಟ್ಟು ಶಾಖೆಗಳು 60,000ದ ಹತ್ತಿರ ಬಂದವು, ಅರ್ಧಕ್ಕಿಂತ ಹೆಚ್ಚು ಹಳ್ಳಿಗಳಲ್ಲಿ. ಸಾಲದಲ್ಲಿ ಇಂತಿಷ್ಟು ಪಾಲು ಕೃಷಿ, ಸಣ್ಣ ಉದ್ಯಮ, ದುರ್ಬಲ ವರ್ಗಗಳಿಗೆ ಹೋಗಬೇಕೆಂಬ ಆದ್ಯತಾ ವಲಯದ ನಿಯಮ ಬಂತು. 1972ರಿಂದ ಕಡುಬಡವರಿಗೆ ಶೇಕಡ 4ರ ಬಡ್ಡಿಯಲ್ಲಿ ಸಾಲ ದೊರೆಯಿತು. 1975ರ ಅಕ್ಟೋಬರ್ 2ರಂದು ಗ್ರಾಮೀಣ ಬ್ಯಾಂಕುಗಳು ಆರಂಭವಾದಾಗ, ಉತ್ತರ ಪ್ರದೇಶದ ಮೊರಾದಾಬಾದಿನ ‘ಪ್ರಥಮಾ’ ಬ್ಯಾಂಕನ್ನು ಪ್ರಾಯೋಜಿಸಿದ್ದು ಮಣಿಪಾಲದ ಸಿಂಡಿಕೇಟ್ ಬ್ಯಾಂಕ್. ಬ್ಯಾಂಕ್ ಇರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಇಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕೆಂಬ ನಿಯಮ 1977ರಿಂದ 1990ರವರೆಗೆ ಇತ್ತು. ಆ ಅವಧಿಯನ್ನು ಅಧ್ಯಯನ ಮಾಡಿದ ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ, ಇದರಿಂದ ಗ್ರಾಮೀಣ ಬಡತನ ಇಳಿಯಿತೆಂದು 2005ರಲ್ಲಿ ತೋರಿಸಿದರು.

ಆದರೆ ವಿರೋಧಿಗಳ ಎಚ್ಚರಿಕೆಯೂ ಸುಳ್ಳಾಗಲಿಲ್ಲ. 1980ರ ದಶಕದಲ್ಲಿ ಕೇಂದ್ರ ಮಂತ್ರಿಯಾಗಿದ್ದ ಬಿ. ಜನಾರ್ದನ ಪೂಜಾರಿಯವರ ಸಾಲ ಮೇಳಗಳು ದೇಶದ ಗಮನ ಸೆಳೆದವು. ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ, ಗೂಡಂಗಡಿಗೆ ವೇದಿಕೆಯ ಮೇಲೆಯೇ ಸಾಲ ಹಂಚಿಕೆ. ಬ್ಯಾಂಕಿನ ಬಾಗಿಲಲ್ಲಿ ನಿಲ್ಲಲೂ ಅಂಜುತ್ತಿದ್ದ ಎಷ್ಟೋ ಮಂದಿಗೆ ಅದು ಮೊದಲ ಪ್ರವೇಶ. ಆದರೆ ಮ್ಯಾನೇಜರನ ವಿವೇಚನೆಗೆ ಅಲ್ಲಿ ಜಾಗ ಇರಲಿಲ್ಲ. ಪಿಗ್ಮಿ ಏಜೆಂಟನಿಗೆ ಗೊತ್ತಿದ್ದ ಮನುಷ್ಯನ ಪರಿಚಯ, ಗುರಿ ಮುಟ್ಟಬೇಕಾದ ಪಟ್ಟಿಯಲ್ಲಿ ಒಂದು ಹೆಸರಾಯಿತು. 1990ರಲ್ಲಿ ಕೇಂದ್ರ ಸರ್ಕಾರ 10,000 ರೂಪಾಯಿವರೆಗಿನ ಕೃಷಿ ಸಾಲಗಳಿಗೆ ಮನ್ನಾ ಘೋಷಿಸಿದಾಗ, ನಿಯತ್ತಾಗಿ ಕಂತು ಕಟ್ಟಿದವನು ಪೆದ್ದನೆನಿಸಿದ. 1991ರ ನರಸಿಂಹಂ ಸಮಿತಿ ನಿರ್ದೇಶಿತ ಸಾಲದ ಪ್ರಮಾಣವನ್ನು ಶೇಕಡ 40ರಿಂದ 10ಕ್ಕೆ ಇಳಿಸಲು ಸಲಹೆ ಮಾಡಿತು. ಸರ್ಕಾರ ಆ ಸಲಹೆಯನ್ನು ಒಪ್ಪಲಿಲ್ಲ; ಹೊಸ ಖಾಸಗಿ ಬ್ಯಾಂಕುಗಳಿಗೆ ಬಾಗಿಲು ತೆರೆಯಿತು.

ಇಷ್ಟಾದರೂ ಬ್ಯಾಂಕುಗಳ ಬೆನ್ನು ಮುರಿದದ್ದು ಎಮ್ಮೆಯ ಸಾಲವಲ್ಲ. 2015ರಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳ ಸಾಲದ ಕಡತಗಳನ್ನು ಬಿಗಿಯಾಗಿ ಪರಿಶೀಲಿಸತೊಡಗಿದಾಗ, ಮುಚ್ಚಿಟ್ಟಿದ್ದ ಸುಸ್ತಿ ಸಾಲಗಳು ಹೊರಬಿದ್ದವು. 2018ರ ಮಾರ್ಚ್‌ನಲ್ಲಿ ಸರ್ಕಾರಿ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಶೇಕಡ 14.6 ವಸೂಲಾಗದ ಸಾಲ. ಇಂಥ ಸಾಲದಲ್ಲಿ ಬಹುಪಾಲು 5 ಕೋಟಿ ರೂಪಾಯಿ ಮತ್ತು ಅದಕ್ಕೂ ಹೆಚ್ಚು ಪಡೆದವರದು. ಉದ್ಯಮ ಮನೆತನಗಳ ಕೈಯಿಂದ ಬ್ಯಾಂಕುಗಳನ್ನು ಬಿಡಿಸಲೆಂದು ನಡೆದ ರಾಷ್ಟ್ರೀಕರಣದ ಅರ್ಧ ಶತಮಾನದ ನಂತರ, ಸರ್ಕಾರದ ಒಡೆತನದಲ್ಲೇ ದೊಡ್ಡವರು ದೊಡ್ಡ ಸಾಲ ಪಡೆದು ಕೈಚೆಲ್ಲಿದ್ದರು. ಬಂಡವಾಳ ತುಂಬಿಕೊಡಲು 2017ರಲ್ಲಿ ಸರ್ಕಾರ 2.11 ಲಕ್ಷ ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಬೇಕಾಯಿತು. ಖಾಸಗಿ ಕಡೆಯೂ ಮೇಲೇನಲ್ಲ. 1994ರಲ್ಲಿ ಹುಟ್ಟಿದ ಗ್ಲೋಬಲ್ ಟ್ರಸ್ಟ್ ಬ್ಯಾಂಕ್ 2004ರಲ್ಲಿ ಕುಸಿದಾಗ ಎತ್ತಿಕೊಂಡದ್ದು ಸರ್ಕಾರಿ ಬ್ಯಾಂಕ್. 2020ರಲ್ಲಿ ಯೆಸ್ ಬ್ಯಾಂಕನ್ನು ಉಳಿಸಲು ಮುಂದೆ ನಿಂತದ್ದೂ ಸ್ಟೇಟ್ ಬ್ಯಾಂಕೇ.

ಬದಲಾದ ಫಲಕಗಳು

ಈ ನಡುವೆ ಕರಾವಳಿಯ ಹೆಸರುಗಳು ಒಂದೊಂದಾಗಿ ಅಳಿಸಿಹೋದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಸರ್ಕಾರಿ ಬ್ಯಾಂಕುಗಳ ಸಂಖ್ಯೆ 12ಕ್ಕೆ ಇಳಿಯಿತು. ಜಿಲ್ಲೆಯ ಜನರಿಗೆ ಆದ ನೋವು ಬರೀ ಹೆಸರಿನ ಅಭಿಮಾನದ್ದಲ್ಲ. ಊರವರೇ ಎರಡಾಣೆ ಹಾಕಿ ಬೆಳೆಸಿದ ಸಂಸ್ಥೆಯ ಬಗ್ಗೆ ತೀರ್ಮಾನ ತೆಗೆದುಕೊಳ್ಳುವಾಗ ಊರವರನ್ನು 1969ರಲ್ಲೂ ಕೇಳಲಿಲ್ಲ, 2019ರಲ್ಲೂ ಕೇಳಲಿಲ್ಲ.

ಹಣ ಇಟ್ಟವರ ಪಾಡೂ ಅಷ್ಟೇ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು ತಲಾ 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಬೀದಿಗೆ ಬರಬೇಕಾಯಿತು. ಹಿಂದಿನ ವರ್ಷ ಮುಂಬೈಯಲ್ಲೂ ಒಂದು ಸಹಕಾರಿ ಬ್ಯಾಂಕು ಕುಸಿದಿತ್ತು. ಅದೇ ಫೆಬ್ರುವರಿಯಲ್ಲಿ, 1993ರಿಂದ 1 ಲಕ್ಷದಲ್ಲೇ ನಿಂತಿದ್ದ ಠೇವಣಿ ವಿಮೆ 5 ಲಕ್ಷಕ್ಕೆ ಏರಿತು. ನಿರ್ಬಂಧ ಬಿದ್ದ 90 ದಿನಗಳಲ್ಲಿ ಆ ಹಣ ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು. ಪಾಲೈ ಬ್ಯಾಂಕ್ ಮುಳುಗಿದ ಮೇಲೆ ವಿಮೆ ಬಂದಂತೆಯೇ ಇದೂ ಆಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಬ್ಯಾಂಕಿಂಗ್ ಕಾನೂನಿನ ಹಳೆಯ ಅಭ್ಯಾಸ.

ಖಾಸಗಿಯೋ ಸರ್ಕಾರಿಯೋ ಎಂದು ಐವತ್ತಕ್ಕೂ ಹೆಚ್ಚು ವರ್ಷಗಳಿಂದ ವಾದಿಸುತ್ತ ಬಂದಿದ್ದೇವೆ. ಒಡೆತನ ಬದಲಾದಾಗ ಶಾಖೆಗಳು ಹಳ್ಳಿ ಮುಟ್ಟಿದವು ಎಂಬುದು ನಿಜ. ಒಡೆತನ ಬದಲಾದ ಮಾತ್ರಕ್ಕೆ ದೊಡ್ಡ ಸಾಲಗಾರನ ಕೈ ಗಿಡ್ಡವಾಗಲಿಲ್ಲ ಎಂಬುದೂ ಅಷ್ಟೇ ನಿಜ. ಮೊರಾರ್ಜಿಯವರ ಕಾನೂನು ಕೇಳಿದ್ದ ಪ್ರಶ್ನೆಗೆ, ಅಂದರೆ ಮಂಡಳಿಯಲ್ಲಿ ಯಾರು ಕೂರಬೇಕು, ಯಾರಿಗೆ ಸಾಲ ಕೊಡಬಾರದು ಎಂಬುದಕ್ಕೆ, ಉತ್ತರ ಸಿಗುವ ಮೊದಲೇ ಅದನ್ನು ಬದಿಗಿಟ್ಟೆವು. ಆ ಪ್ರಶ್ನೆ ಸರ್ಕಾರಿ ಬ್ಯಾಂಕಿಗೂ ಅನ್ವಯಿಸುತ್ತದೆ, ಖಾಸಗಿಗೂ ಅನ್ವಯಿಸುತ್ತದೆ. ಬ್ಯಾಂಕಿನಲ್ಲಿರುವ ಹಣದ ಬಹುಪಾಲು ಇಂದಿಗೂ ಠೇವಣಿದಾರನದೇ. ತನ್ನ ಹಣ ಯಾರ ಕೈ ಸೇರುತ್ತಿದೆ ಎಂದು ಕೇಳಿ ತಿಳಿಯುವ ದಾರಿ ಮಾತ್ರ ಅವನಿಗೆ ಇನ್ನೂ ಸರಿಯಾಗಿ ತೆರೆದಿಲ್ಲ.