ತೆಂಕುತಿಟ್ಟಿನ ತಿರುಗಾಟ: ಮನೆಮಂದಿಗೆ ಕಿರು ಪರಿಚಯ

ಶರದೃತು ಬಂತೆಂದರೆ ಕಾಸರಗೋಡಿನ ನಮಗೆ ಯಕ್ಷಗಾನದ ದಿನಗಳು ಹತ್ತಿರವಾದಂತೆ. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಹೆಚ್ಚಿನ ಮೇಳಗಳು ದೀಪಾವಳಿಯ ಬಳಿಕ ಮತ್ತೆ ತಿರುಗಾಟ ಹೊರಡುತ್ತವೆ. ರಾಮಾಯಣದ ಪ್ರಸಂಗಗಳಿಗೆ ಹೆಸರಾದ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆಯವನು.

ಹಿಮ್ಮೇಳದಲ್ಲಿ ಭಾಗವತರು ಜಾಗಟೆ ಹಿಡಿದು ಹಾಡುತ್ತಾರೆ. ಚೆಂಡೆ, ಮದ್ದಳೆ, ಚಕ್ರತಾಳ ಜೊತೆಗೂಡುತ್ತವೆ. ಪದ್ಯ ಮೊದಲೇ ಬರೆದದ್ದು. ಅರ್ಥವನ್ನು ಕಲಾವಿದರು ರಂಗದಲ್ಲೇ ಕಟ್ಟುತ್ತಾರೆ. ಇಡೀ ರಾತ್ರಿ ಕೂರಲಾಗದವರಿಗೆ ಸಂಜೆ ಆರಂಭವಾಗುವ ಕಾಲಮಿತಿ ಆಟವಿದೆ, ವೇಷವಿಲ್ಲದ ತಾಳಮದ್ದಳೆಯೂ ಇದೆ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಆಟ ನಿಲ್ಲಲಿಲ್ಲ; ಕೇರಳದ ಶಾಲಾ ಕಲೋತ್ಸವದಲ್ಲೂ ಯಕ್ಷಗಾನ ಸ್ಪರ್ಧೆಯಿದೆ. ಶಾಲೆಯಲ್ಲಿ ಕನ್ನಡ ಓದದ ನಮ್ಮ ಮಕ್ಕಳ ಕಿವಿಗೆ ತುಂಬುಗನ್ನಡ ಬೀಳುವ ಜಾಗಗಳು ಈಗ ಕಡಿಮೆ. ಆದ್ದರಿಂದ ಮಕ್ಕಳನ್ನೂ ಕರೆತನ್ನಿ. ಹೊರಡುವ ಮೊದಲು ಪ್ರಸಂಗದ ಕಥೆಯನ್ನು ಮನೆಯಲ್ಲೇ ಹೇಳಿಕೊಡಿ.